ಹ್ಯಾಂಗ್ ಆಗಿರುವುದು ಪುಟವೋ, ಬ್ರೌಸರೋ, ಲ್ಯಾಪ್‌ಟಾಪೋ?

ತಿಪಟೂರಿನಿಂದ ಅಕ್ಕ ಫೋನ್ ಮಾಡಿದಳು. "ಲೋ, ಇದು ಮತ್ತೆ ಹ್ಯಾಂಗ್ ಆಯ್ತು ಕಣೋ. ಬ್ರೌಸರ್ ತೆಗೆದು ಮತ್ತೆ ಹಾಕಿದೆ. ಒಂದ್ಸಲ ಅಲ್ಲ, ಮೂರು ಸಲ. ಅದೇ ಕಥೆ."

ಶಾಲೆಯ ಮಕ್ಕಳ ವಿವರ ತುಂಬುವ ಕೆಲಸ ಅವಳದ್ದು. ಅರ್ಧ ತುಂಬಿದ ಫಾರಂ ಎದುರಿಗಿದೆ, ಪರದೆ ಮಂಕಾಗಿದೆ, ಮೇಲೆ 'ನಾಟ್ ರೆಸ್ಪಾಂಡಿಂಗ್' ಅಂತ ಬಂದು ಕೂತಿದೆ. ಸಿಟ್ಟು ಬರದೆ ಇರುತ್ತದಾ?

ಬ್ರೌಸರ್ ಹ್ಯಾಂಗ್ ಆದರೆ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದು, ಪವರ್ ಬಟನ್ ಒತ್ತಿ ಹಿಡಿಯುವುದು. ಇನ್ನೊಂದು, ಅಕ್ಕನ ಹಾಗೆ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುವುದು. ಎರಡರಿಂದಲೂ ಕಾರಣ ಗೊತ್ತಾಗುವುದಿಲ್ಲ. ನಾನು ಯಾರ ಲ್ಯಾಪ್‌ಟಾಪ್ ನೋಡಿದರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಿಂತಿರುವುದು ಯಾವುದು? ಆ ಒಂದು ಪುಟವಾ, ಇಡೀ ಬ್ರೌಸರಾ, ಇಲ್ಲಾ ಲ್ಯಾಪ್‌ಟಾಪೇನಾ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮುಂದೆ ಹೇಳುವುದೆಲ್ಲ ಮುಖ್ಯವಾಗಿ ವಿಂಡೋಸ್ ಲ್ಯಾಪ್‌ಟಾಪಿಗೆ. ಕ್ರೋಮ್‌ನ ಮೆನು ಹೆಸರುಗಳನ್ನೇ ಬಳಸಿದ್ದೇನೆ. ಎಡ್ಜ್‌ನಲ್ಲಿ ಬಹುತೇಕ ಅದೇ ಇರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಬೇರೆ ಇದ್ದ ಕಡೆ ಹೇಳುತ್ತೇನೆ.

ಹ್ಯಾಂಗ್ ಆದ ಗಳಿಗೆಯಲ್ಲೇ ನೋಡಬೇಕಾದದ್ದು

ಮೊದಲು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ಸಣ್ಣ ದೀಪ ಹತ್ತಿ ಆರುತ್ತಿದೆಯಾ? ಮೌಸ್ ಬಾಣ ಓಡಾಡುತ್ತಿದೆಯಾ? ಎರಡೂ ಇಲ್ಲ ಅಂದರೆ ನಿಂತಿರುವುದು ಲ್ಯಾಪ್‌ಟಾಪ್. ಬ್ರೌಸರನ್ನು ಬೈದು ಪ್ರಯೋಜನ ಇಲ್ಲ.

ಬಾಣ ಓಡಾಡುತ್ತಿದ್ದರೆ ಅದೇ ಬ್ರೌಸರಿನ ಇನ್ನೊಂದು ಟ್ಯಾಬ್ ಮೇಲೆ ಕ್ಲಿಕ್ ಮಾಡಿ. ಅದು ತೆರೆದುಕೊಂಡರೆ ತೊಂದರೆ ಇರುವುದು ಮೊದಲಿನ ಪುಟದಲ್ಲಿ ಮಾತ್ರ. ಅದೂ ತೆರೆಯಲಿಲ್ಲ, ಆದರೆ ಸ್ಟಾರ್ಟ್ ಮೆನು ತೆರೆಯುತ್ತದೆ, ನೋಟ್‌ಪ್ಯಾಡ್ ತೆರೆಯುತ್ತದೆ ಅಂದರೆ ಇಡೀ ಬ್ರೌಸರ್ ನಿಂತಿದೆ. ಸ್ಟಾರ್ಟ್ ಮೆನು ತೆರೆಯಲೂ ಅರ್ಧ ನಿಮಿಷ ಬೇಕಾಯಿತು ಅಂದರೆ ಮತ್ತೆ ಲ್ಯಾಪ್‌ಟಾಪಿನ ಕಡೆಗೇ ಬೊಟ್ಟು.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ಪುಟ ಬಿಳಿಯಾಗಿದೆ, ಚಕ್ರ ತಿರುಗುತ್ತಲೇ ಇದೆ, ಆದರೆ ಮೆನು ಎಲ್ಲ ಸರಿಯಾಗಿ ತೆರೆಯುತ್ತಿದೆ ಅಂದರೆ ಅದು ಹ್ಯಾಂಗ್ ಅಲ್ಲ. ನೆಟ್ ನಿಧಾನ ಇದೆ, ಇಲ್ಲವೇ ಆ ಸೈಟಿನ ಸರ್ವರ್ ಸುಸ್ತಾಗಿದೆ. ಅರ್ಜಿ ಹಾಕಲು ಕೊನೇ ದಿನ ಅಂತ ಇದ್ದಾಗ ಎಷ್ಟೋ ಸೈಟುಗಳ ಹಣೆಬರಹ ಹೀಗೇ. ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿ ನೋಡಿ, ಗೊತ್ತಾಗುತ್ತದೆ.

ಈಗ ಬಿಡಿಸಿಕೊಳ್ಳುವ ದಾರಿ. 'ಪೇಜ್ ಅನ್‌ರೆಸ್ಪಾನ್ಸಿವ್' ಅಂತ ಪೆಟ್ಟಿಗೆ ಬಂದರೆ, ಫಾರಂ ತುಂಬುತ್ತಿದ್ದವರು ಒಂದೆರಡು ಸಲ 'ವೇಟ್' ಒತ್ತಿ ನೋಡಿ. ಎಷ್ಟೋ ಸಲ ತಾನಾಗಿ ಸರಿಹೋಗುತ್ತದೆ. ಆಗದಿದ್ದರೆ ಬ್ರೌಸರ್ ಒಳಗೇ ಶಿಫ್ಟ್ ಜೊತೆ ಎಸ್ಕೇಪ್ ಒತ್ತಿ. ಬ್ರೌಸರಿನ ಸ್ವಂತ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಇಂಥದ್ದೊಂದು ಇದೆ ಅನ್ನುವುದೇ ತುಂಬಾ ಜನಕ್ಕೆ ಗೊತ್ತಿಲ್ಲ. ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಅಂಟಿಸುವ ಪುಟ್ಟ ಸಾಫ್ಟ್‌ವೇರ್) ಎಷ್ಟು ಮೆಮೊರಿ, ಎಷ್ಟು ಸಿಪಿಯು (ಲೆಕ್ಕ ಮಾಡುವ ಪ್ರೊಸೆಸರ್) ತಿನ್ನುತ್ತಿದೆ ಅಂತ ಸಾಲಾಗಿ ತೋರಿಸುತ್ತದೆ. 'ಸಿಪಿಯು' ಅನ್ನುವ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ತಿನ್ನುವುದು ಮೇಲೆ ಬರುತ್ತದೆ. ಅದನ್ನು ಆರಿಸಿ 'ಎಂಡ್ ಪ್ರೋಸೆಸ್' ಕೊಡಿ. ಆ ಒಂದು ಟ್ಯಾಬ್ ಸಾಯುತ್ತದೆ, ಉಳಿದವು ಬದುಕುತ್ತವೆ. ಸಾಯಿಸುವ ಮೊದಲು ಆ ಸಾಲಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ಬ್ರೌಸರ್ ಏನಕ್ಕೂ ಮಿಸುಕಾಡುತ್ತಿಲ್ಲ ಅಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಇದು ವಿಂಡೋಸಿನ ಟಾಸ್ಕ್ ಮ್ಯಾನೇಜರ್. ಅಲ್ಲಿ ಬ್ರೌಸರ್ ಆರಿಸಿ 'ಎಂಡ್ ಟಾಸ್ಕ್'. ಮ್ಯಾಕ್ ಇರುವವರು ಆಪ್ಷನ್, ಕಮಾಂಡ್, ಎಸ್ಕೇಪ್ ಒತ್ತಬೇಕು. ಪರದೆ ಕಪ್ಪಾಗಿ ನಿಂತಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಹಿಡಿದು ಬಿ ಅಕ್ಷರ ಒತ್ತಿ ನೋಡಿ. ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕೊಡುವ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಮತ್ತೆ ಶುರುವಾಗುತ್ತದೆ. ಪರದೆ ಒಂದು ಸಲ ಮಿನುಗಿ ವಾಪಸ್ ಬರಬಹುದು. ಪವರ್ ಬಟನ್ ಒತ್ತಿ ಹಿಡಿಯುವುದು ಇವೆಲ್ಲ ಆದಮೇಲೆ.

ಬ್ರೌಸರ್ ಮತ್ತೆ ತೆರೆದಾಗ ಕಂಟ್ರೋಲ್, ಶಿಫ್ಟ್ ಹಿಡಿದು ಟಿ ಒತ್ತಿದರೆ ಮುಚ್ಚಿಹೋದ ಟ್ಯಾಬ್‌ಗಳು ಬರುತ್ತವೆ. ಆದರೆ ಅವಸರ ಬೇಡ. ತೊಂದರೆ ಕೊಟ್ಟ ಟ್ಯಾಬೂ ಅದರ ಜೊತೆಗೇ ಬಂದರೆ ಮತ್ತೆ ಮೊದಲಿನಿಂದ ಶುರು. ಹಿಸ್ಟರಿಗೆ ಹೋಗಿ ಬೇಕಾದ್ದನ್ನು ಒಂದೊಂದಾಗಿ ತೆಗೆಯುವುದು ಕ್ಷೇಮ.

ಒಂದು ಎಚ್ಚರಿಕೆ. ಪರದೆ ತುಂಬ ಕೆಂಪು ಪುಟ ಬಂದು, ಸೈರನ್ ಕೂಗಿ, 'ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ' ಅಂದರೆ ಅದು ಹ್ಯಾಂಗೂ ಅಲ್ಲ, ವೈರಸ್ಸೂ ಅಲ್ಲ. ಅದು ಬರೀ ಒಂದು ಮೋಸದ ವೆಬ್ ಪುಟ. ಎಸ್ಕೇಪ್ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಫುಲ್ ಸ್ಕ್ರೀನ್ ಬಿಡುತ್ತದೆ. ಬಿಡದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ಮುಚ್ಚಿ. ಮತ್ತೆ ತೆರೆದಾಗ 'ರೀಸ್ಟೋರ್' ಒತ್ತಬೇಡಿ. ಆ ನಂಬರಿಗೆ ಮಾತ್ರ ಫೋನ್ ಮಾಡಲೇಬಾರದು. ಗೊತ್ತಿಲ್ಲದೆ ಮಾಡಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ದೂರು ಕೊಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಟಾಸ್ಕ್ ಮ್ಯಾನೇಜರ್ ಓದುವುದು ಹೇಗೆ

ವಿಂಡೋಸ್ ಟಾಸ್ಕ್ ಮ್ಯಾನೇಜರ್ ತೆರೆದವರು ಬೆಚ್ಚಿಬೀಳುವುದು ಒಂದು ವಿಷಯಕ್ಕೆ: ತೆರೆದಿರುವುದು ಐದು ಟ್ಯಾಬ್, ಅಲ್ಲಿ ಬ್ರೌಸರ್ ಹೆಸರಿನ ಇಪ್ಪತ್ತು ಸಾಲು! ಇದು ರೋಗ ಅಲ್ಲ. 2008ರಲ್ಲಿ ಕ್ರೋಮ್ ಬಂದಾಗಲೇ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರೋಸೆಸ್‌ಗಳಾಗಿ ಓಡಿಸುವ ಪದ್ಧತಿ ತಂದಿತು. ಒಂದು ಬಿದ್ದರೆ ಎಲ್ಲವೂ ಬೀಳಬಾರದು ಅಂತ. 2018ರಲ್ಲಿ ಸುರಕ್ಷತೆಗಾಗಿ ಒಂದೊಂದು ಸೈಟನ್ನೂ ಇನ್ನಷ್ಟು ಬೇರೆ ಮಾಡಿದರು. ಇದಕ್ಕೆ ಸುಮಾರು 10ರಿಂದ 13 ಶೇಕಡಾ ಹೆಚ್ಚು ಮೆಮೊರಿ ಹಿಡಿಯುತ್ತದೆ ಅಂತ ಗೂಗಲ್ಲೇ ಆಗ ಹೇಳಿತ್ತು. ಸಾಲು ಜಾಸ್ತಿ ಇರುವುದು ಈ ಕಾರಣಕ್ಕೆ.

ನೀವು ನೋಡಬೇಕಾದದ್ದು ಮೇಲಿನ ಎರಡು ಅಂಕಿ, 'ಮೆಮೊರಿ' ಮತ್ತು 'ಡಿಸ್ಕ್'. ಮೆಮೊರಿ 90 ಶೇಕಡಾ ದಾಟಿದೆ, ಡಿಸ್ಕ್ 100ಕ್ಕೆ ಅಂಟಿಕೊಂಡಿದೆ ಅಂದರೆ ಕಾರಣ ಬಹುಮಟ್ಟಿಗೆ ಸಿಕ್ಕಿತು.

ರ‍್ಯಾಮ್ ಅನ್ನುವ ಈ ಮೆಮೊರಿಯನ್ನು ಅಡುಗೆಮನೆ ಕಟ್ಟೆ ಅಂದುಕೊಳ್ಳಿ. ಡಿಸ್ಕ್ ಅಂದರೆ ಅಟ್ಟ. ಕಟ್ಟೆ ಮೇಲೆ ಜಾಗ ಇರುವವರೆಗೆ ಕೆಲಸ ಸರಾಗ. ಕಟ್ಟೆ ತುಂಬಿತು ಅಂದರೆ ಸದ್ಯಕ್ಕೆ ಬೇಡದ ಪಾತ್ರೆಯನ್ನು ಅಟ್ಟಕ್ಕೆ ಇಡಬೇಕು, ಬೇಕಾದ್ದನ್ನು ಇಳಿಸಬೇಕು. ಪ್ರತಿಯೊಂದಕ್ಕೂ ಏಣಿ ಹತ್ತಿ ಇಳಿಯಬೇಕು. ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಆ ಏಣಿ ತುಂಬಾ ಉದ್ದ. ನಿಮಗೆ ಹ್ಯಾಂಗ್ ಅಂತ ಕಾಣಿಸುವುದು ಏಣಿ ಹತ್ತಿ ಇಳಿಯುವ ಆ ಹೊತ್ತು. ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಇದ್ದರೆ ಏಣಿ ಗಿಡ್ಡ, ಅಷ್ಟೇ ವ್ಯತ್ಯಾಸ.

ಅಕ್ಕನಿಗೆ ಮೊಬೈಲ್‌ನಲ್ಲಿ ಆ ಪರದೆಯ ಫೋಟೋ ತೆಗೆದು ಕಳಿಸು ಅಂದೆ. 4 ಜಿಬಿ ರ‍್ಯಾಮ್, ಮೆಮೊರಿ 94, ಡಿಸ್ಕ್ 100. ಸರಿ, ಕಟ್ಟೆ ತುಂಬಿದೆ. ಆದರೆ ತೆರೆದಿದ್ದದ್ದು ಮೂರೇ ಟ್ಯಾಬ್. ಹಾಗಾದರೆ ತುಂಬಿದವರು ಯಾರು?

ಎಕ್ಸ್‌ಟೆನ್ಷನ್‌ಗಳ ವಿಚಾರಣೆ

ನನ್ನ ಅನುಭವದಲ್ಲಿ ಅತಿ ಹೆಚ್ಚು ಸಲ ಸಿಕ್ಕಿಬೀಳುವುದು ಇವೇ. ಪರೀಕ್ಷೆಯೂ ಸುಲಭ. ಕಂಟ್ರೋಲ್, ಶಿಫ್ಟ್ ಹಿಡಿದು ಎನ್ ಒತ್ತಿ, ಇನ್‌ಕಾಗ್ನಿಟೋ ಕಿಟಕಿ ತೆರೆಯುತ್ತದೆ. ನೀವೇ ಅನುಮತಿ ಕೊಡದಿದ್ದರೆ ಎಕ್ಸ್‌ಟೆನ್ಷನ್‌ಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಮಾಮೂಲಿ ಕಿಟಕಿಯನ್ನು ಮುಚ್ಚಿ, ದಿನಾ ಮಾಡುವ ಕೆಲಸವನ್ನೇ ಅರ್ಧ ಗಂಟೆ ಅಲ್ಲಿ ಮಾಡಿ. ಹ್ಯಾಂಗ್ ಆಗಲಿಲ್ಲವಾ? ಎಕ್ಸ್‌ಟೆನ್ಷನ್ ಮೇಲೆ ಅನುಮಾನ ಪಡಬಹುದು. ಆದರೆ ಹಳೇ ಕುಕಿ (ಸೈಟು ನಿಮ್ಮ ಗುರುತು ನೆನಪಿಡಲು ಇಡುವ ಚೀಟಿ), ಕ್ಯಾಶೆ (ಮತ್ತೆ ಬೇಗ ತೆರೆಯಲು ಉಳಿಸಿಕೊಂಡ ಪುಟದ ಭಾಗಗಳು) ಕೂಡ ಅಲ್ಲಿಗೆ ಬರುವುದಿಲ್ಲ. ಹಾಗಾಗಿ ಇದು ಪೂರ್ತಿ ತೀರ್ಪಲ್ಲ, ಬರೀ ಸುಳಿವು.

ಫೈರ್‌ಫಾಕ್ಸ್‌ನಲ್ಲಿ 'ಹೆಲ್ಪ್' ಮೆನು ಒಳಗೆ 'ಟ್ರಬಲ್‌ಶೂಟ್ ಮೋಡ್' ಇದೆ. ಅದು ಎಕ್ಸ್‌ಟೆನ್ಷನ್ ಜೊತೆಗೆ ಗ್ರಾಫಿಕ್ಸ್ ವೇಗವರ್ಧನೆಯನ್ನೂ ನಿಲ್ಲಿಸುತ್ತದೆ. ಅಲ್ಲಿ ಸರಿಹೋಯಿತು ಅಂದರೆ ಹೆಚ್ಚಾಗಿ ಎರಡರಲ್ಲಿ ಒಂದು ಕಾರಣ.

ಈಗ ಯಾವುದು ಅಂತ ಹುಡುಕುವುದು. ಎಂಟು ಎಕ್ಸ್‌ಟೆನ್ಷನ್ ಇದ್ದರೆ ಒಂದೊಂದಾಗಿ ಎಂಟು ದಿನ ಪರೀಕ್ಷೆ ಮಾಡಬೇಕಾಗಿಲ್ಲ. ನಾಲ್ಕನ್ನು ಆಫ್ ಮಾಡಿ. ತೊಂದರೆ ಹೋದರೆ ಕಳ್ಳ ಆ ನಾಲ್ಕರಲ್ಲಿದ್ದಾನೆ, ಹೋಗದಿದ್ದರೆ ಉಳಿದ ನಾಲ್ಕರಲ್ಲಿ. ಸಿಕ್ಕ ನಾಲ್ಕರಲ್ಲಿ ಎರಡು, ಆ ಎರಡರಲ್ಲಿ ಒಂದು. ಮೂರೇ ಸುತ್ತು.

ಅಕ್ಕನ ಪಟ್ಟಿಯಲ್ಲಿ ಹನ್ನೊಂದು ಇದ್ದವು. ಎರಡು ಆಡ್ ಬ್ಲಾಕರ್. ಒಂದೇ ಕೆಲಸಕ್ಕೆ ಇಬ್ಬರನ್ನು ಇಟ್ಟರೆ ಎರಡು ಪಟ್ಟು ಕೆಲಸ ಆಗುವುದಿಲ್ಲ, ಎರಡು ಪಟ್ಟು ಖರ್ಚಾಗುತ್ತದೆ. ಒಂದು ಪಿಡಿಎಫ್ ಬದಲಿಸುವುದು. ಒಂದು ಶಾಪಿಂಗ್ ಕೂಪನ್ ಹುಡುಕಿ ಕೊಡುವುದು.

"ಕೂಪನ್‌ದು ಯಾಕೆ ಹಾಕಿದ್ದೀಯ ಅಕ್ಕಾ?"

"ನಾನೆಲ್ಲಿ ಹಾಕ್ದೆ? ಅದೇ ಬಂದಿರ್ಬೇಕು."

ಹೌದು, ಹೀಗೂ ಬರುತ್ತವೆ. ಯಾವುದೋ ಉಚಿತ ಸಾಫ್ಟ್‌ವೇರ್ ಹಾಕುವಾಗ 'ನೆಕ್ಸ್ಟ್, ನೆಕ್ಸ್ಟ್' ಒತ್ತುತ್ತೇವಲ್ಲ, ಆಗ ನುಸುಳಿಕೊಳ್ಳುತ್ತವೆ. ತೆರೆದ ಪ್ರತಿ ಪುಟವನ್ನೂ ಓದುವ ಅನುಮತಿ ಅದಕ್ಕಿತ್ತು. ಶಾಲೆಯ ಫಾರಂ ಪುಟದಲ್ಲೂ ಕೂತು ಕೂಪನ್ ಹುಡುಕುತ್ತಿತ್ತು. ಬ್ರೌಸರ್ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಸಾಲಿನ ಮೇಲ್ತುದಿಯಲ್ಲಿ ಇದ್ದದ್ದೂ ಅದೇ.

ಆಫ್ ಮಾಡಿ ಸರಿಯಾಯಿತು ಅಂದರೆ 'ರಿಮೂವ್' ಮಾಡಿಬಿಡಿ. ತೆಗೆಯಲು ಬಿಡುತ್ತಿಲ್ಲ, 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್' ಅನ್ನುತ್ತಿದೆ ಅಂದರೆ, ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿಯವರನ್ನು ಕೇಳಿ. ಸ್ವಂತ ಲ್ಯಾಪ್‌ಟಾಪಿನಲ್ಲಿ ಹಾಗೆ ಕಂಡರೆ ಅನುಮಾನ ಪಡಿ, ಆಂಟಿವೈರಸ್ ಸ್ಕ್ಯಾನ್ ಓಡಿಸಿ.

ತೆಗೆದು ಹಾಕಿದರೂ ರೋಗ ವಾಪಸ್ ಬರುವುದು ಯಾಕೆ

ಮೂರು ಸಲ ಇನ್‌ಸ್ಟಾಲ್ ಮಾಡಿದಾಗ ಆ ಕೂಪನ್ ಯಾಕೆ ಹೋಗಲಿಲ್ಲ? ಎರಡು ಕಾರಣ.

ಬ್ರೌಸರ್ ಬೇರೆ, ಪ್ರೊಫೈಲ್ ಬೇರೆ. ಬುಕ್‌ಮಾರ್ಕ್, ಹಿಸ್ಟರಿ, ಎಕ್ಸ್‌ಟೆನ್ಷನ್, ಸೆಟ್ಟಿಂಗ್ ಎಲ್ಲ ಇರುವುದು ಪ್ರೊಫೈಲ್ ಫೋಲ್ಡರಿನಲ್ಲಿ. ಅನ್‌ಇನ್‌ಸ್ಟಾಲ್ ಮಾಡುವಾಗ 'ಬ್ರೌಸಿಂಗ್ ಡೇಟಾವನ್ನೂ ಅಳಿಸಿ' ಅನ್ನುವ ಚೌಕಕ್ಕೆ ಟಿಕ್ ಹಾಕದಿದ್ದರೆ ಆ ಫೋಲ್ಡರ್ ಅಲ್ಲೇ ಉಳಿಯುತ್ತದೆ. ಹೊಸ ಬ್ರೌಸರ್ ಬಂದು ಅದೇ ಹಳೇ ಗಂಟನ್ನು ಹೊತ್ತುಕೊಳ್ಳುತ್ತದೆ.

ಟಿಕ್ ಹಾಕಿ ಅಳಿಸಿದರೂ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ, ಅದು ಸಿಂಕ್. ಹೊಸದಾಗಿ ಲಾಗಿನ್ ಆದ ಕೂಡಲೇ ಅಕೌಂಟಿನಲ್ಲಿ ಇದ್ದ ಎಕ್ಸ್‌ಟೆನ್ಷನ್‌ಗಳೆಲ್ಲ ಒಂದೊಂದಾಗಿ ಇಳಿದು ಬರುತ್ತವೆ. ಅಕ್ಕ ಮೂರು ಸಲವೂ ಲಾಗಿನ್ ಆಗಿದ್ದಳು.

ಆದ್ದರಿಂದ ಅನ್‌ಇನ್‌ಸ್ಟಾಲ್ ಬದಲು ಹೊಸ ಪ್ರೊಫೈಲ್ ಮಾಡಿ ನೋಡಿ. ಮೇಲಿನ ಬಲಮೂಲೆಯಲ್ಲಿ ನಿಮ್ಮ ಫೋಟೋ ಅಥವಾ ಅಕ್ಷರ ಇರುವ ದುಂಡಗಿನ ಗುರುತು ಒತ್ತಿದರೆ ಪ್ರೊಫೈಲ್ ಸೇರಿಸುವ ಆಯ್ಕೆ ಸಿಗುತ್ತದೆ. ಅಕೌಂಟಿಗೆ ಲಾಗಿನ್ ಆಗದೆ ಒಂದು ದಿನ ಬಳಸಿ. ಅಲ್ಲಿ ಎಲ್ಲ ಸರಿಯಿದ್ದರೆ ಹಳೇ ಪ್ರೊಫೈಲೇ ಕೆಟ್ಟಿದೆ. ಹಳೇದರಿಂದ ಬುಕ್‌ಮಾರ್ಕ್ ಎಕ್ಸ್‌ಪೋರ್ಟ್ ಮಾಡಿ ಹೊಸದಕ್ಕೆ ತನ್ನಿ. ಸಿಂಕ್ ಮಾಡುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಟೆನ್ಷನ್ ಅನ್ನುವುದನ್ನು ಬಿಟ್ಟು ಉಳಿದದ್ದನ್ನು ಆನ್ ಮಾಡಿ.

ಇಷ್ಟು ಬೇಡ ಅನ್ನುವವರಿಗೆ ಸೆಟ್ಟಿಂಗ್ಸ್‌ನಲ್ಲಿ 'ರೀಸೆಟ್ ಸೆಟ್ಟಿಂಗ್ಸ್' ಇದೆ. ಎಕ್ಸ್‌ಟೆನ್ಷನ್‌ಗಳನ್ನು ಆಫ್ ಮಾಡಿ, ಕುಕಿಯಂಥ ತಾತ್ಕಾಲಿಕ ಡೇಟಾ ಅಳಿಸುತ್ತದೆ. ಬುಕ್‌ಮಾರ್ಕ್, ಹಿಸ್ಟರಿ, ಸೇವ್ ಮಾಡಿದ ಪಾಸ್‌ವರ್ಡ್ ಉಳಿಯುತ್ತವೆ.

ವಿಡಿಯೋ ನೋಡುವಾಗಲೇ ನಿಲ್ಲುತ್ತದೆಯಾ?

ಚಿತ್ರ ನಿಂತಿದೆ, ಧ್ವನಿ ಮಾತ್ರ ಬರುತ್ತಿದೆ. ಇಲ್ಲವೇ ಆನ್‌ಲೈನ್ ಮೀಟಿಂಗ್‌ನಲ್ಲಿ ಪರದೆ ಕಪ್ಪಾಗುತ್ತದೆ, ಹಸಿರು ಚೌಕಗಳು ಬರುತ್ತವೆ. ಹೀಗಿದ್ದರೆ ಗ್ರಾಫಿಕ್ಸ್ ಕಡೆ ನೋಡಿ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅಲ್ಲಿ 'ಯೂಸ್ ಗ್ರಾಫಿಕ್ಸ್ ಆಕ್ಸಲರೇಷನ್ ವೆನ್ ಅವೈಲಬಲ್' ಅಂತ ಇದೆ. ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಫೈರ್‌ಫಾಕ್ಸ್‌ನಲ್ಲಿ ಜನರಲ್ ಪುಟದ 'ಪರ್ಫಾರ್ಮೆನ್ಸ್' ಭಾಗದಲ್ಲಿ ಶಿಫಾರಸು ಮಾಡಿದ ಸೆಟ್ಟಿಂಗ್ ಅನ್ನುವ ಟಿಕ್ ತೆಗೆದರೆ ಇದು ಕಾಣುತ್ತದೆ.

ಸರಿಹೋಯಿತಾ? ಹಾಗೇ ಬಿಡಬೇಡಿ. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸ ಈಗ ಪ್ರೊಸೆಸರ್ ತಲೆಗೆ ಬಿದ್ದಿದೆ, ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ತಪ್ಪು ಇರುವುದು ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರಿನಲ್ಲಿ. ವಿಂಡೋಸ್ ಅಪ್‌ಡೇಟ್‌ನಿಂದ ಅಥವಾ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಹೊಸ ಡ್ರೈವರ್ ಹಾಕಿ, ಮತ್ತೆ ಆನ್ ಮಾಡಿ ನೋಡಿ. 'ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ' ಅನ್ನುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಕೂಪನ್ ಎಕ್ಸ್‌ಟೆನ್ಷನ್ ಬರುವ ದಾರಿಯೇ ಅದು.

ಟ್ಯಾಬ್, ಕ್ಯಾಶೆ, ಅಪ್‌ಡೇಟ್

ಮೂವತ್ತು ಟ್ಯಾಬ್ ತೆರೆದಿಟ್ಟುಕೊಂಡವರಿಗೆ ನಾನು ಬುದ್ಧಿ ಹೇಳುವುದಿಲ್ಲ, ನನ್ನದೂ ಅದೇ ಚಾಳಿ. ಸೆಟ್ಟಿಂಗ್ಸ್‌ನ 'ಪರ್ಫಾರ್ಮೆನ್ಸ್' ಒಳಗೆ 'ಮೆಮೊರಿ ಸೇವರ್' ಆನ್ ಮಾಡಿ. 2022ರ ಡಿಸೆಂಬರ್‌ನಲ್ಲಿ ಕ್ರೋಮ್‌ಗೆ ಬಂದದ್ದು ಇದು. ಸುಮಾರು ಹೊತ್ತು ಮುಟ್ಟದ ಟ್ಯಾಬನ್ನು ಮಲಗಿಸುತ್ತದೆ, ಕ್ಲಿಕ್ ಮಾಡಿದರೆ ಮತ್ತೆ ಲೋಡ್ ಮಾಡುತ್ತದೆ. ಎಡ್ಜ್‌ನಲ್ಲಿ ಇದನ್ನೇ 'ಸ್ಲೀಪಿಂಗ್ ಟ್ಯಾಬ್ಸ್' ಅನ್ನುತ್ತಾರೆ. ಮಲಗಬಾರದ ಸೈಟುಗಳನ್ನು, ಅಂದರೆ ದಿನಾ ಫಾರಂ ತುಂಬುವಂಥವನ್ನು, ಅಲ್ಲೇ ಇರುವ ಪಟ್ಟಿಗೆ ಸೇರಿಸಿಬಿಡಿ. ಹಾಗೇ ಸಿಸ್ಟಮ್ ಪುಟದಲ್ಲಿ, ಬ್ರೌಸರ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವ ಆಯ್ಕೆ ಇರುತ್ತದೆ. ಅದನ್ನು ಆಫ್ ಮಾಡಿ.

ಕ್ಯಾಶೆ ಅಳಿಸಿ, ಎಲ್ಲ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಒಂದೇ ಸೈಟು ಪದೇಪದೇ ಕೆಡುತ್ತಿದ್ದರೆ ಉಪಯೋಗ ಆಗಬಹುದು. ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ, 'ಕ್ಯಾಶ್ಡ್ ಇಮೇಜಸ್ ಅಂಡ್ ಫೈಲ್ಸ್' ಒಂದಕ್ಕೇ ಟಿಕ್ ಹಾಕಿ. ಕುಕಿ ಅಳಿಸಿದರೆ ಎಲ್ಲ ಕಡೆ ಮತ್ತೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ಚೌಕಕ್ಕಂತೂ ಕೈ ಹಾಕಲೇಬೇಡಿ.

ಅಪ್‌ಡೇಟ್ ವಿಷಯ. 'ಹೆಲ್ಪ್' ಒಳಗೆ 'ಅಬೌಟ್' ತೆರೆದರೆ ಸಾಕು, ತಾನೇ ಹುಡುಕಿ ಹಾಕಿಕೊಳ್ಳುತ್ತದೆ. ಕೊನೆಗೆ 'ರೀಲಾಂಚ್' ಒತ್ತಬೇಕು, ಅದನ್ನೇ ವಾರಗಟ್ಟಲೆ ಮುಂದೂಡುವವರಿದ್ದಾರೆ. ವಿಂಡೋಸ್ 7 ಅಥವಾ 8.1 ಇರುವವರಿಗೆ ಈ ದಾರಿ ಇಲ್ಲ. ಕ್ರೋಮ್ 109ನೇ ಆವೃತ್ತಿಯೇ ಅವರಿಗೆ ಕೊನೆ, 2023ರಿಂದ ಮುಂದಿನದು ಬಂದಿಲ್ಲ. ಇವತ್ತಿನ ಸೈಟುಗಳು ಹಳೇ ಬ್ರೌಸರಿನಲ್ಲಿ ಒದ್ದಾಡಿದರೆ ಆಶ್ಚರ್ಯ ಏನಿದೆ? ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ತಪ್ಪು ಲ್ಯಾಪ್‌ಟಾಪಿನದೇ ಆದರೆ

ಟಾಸ್ಕ್ ಮ್ಯಾನೇಜರಿನ 'ಪರ್ಫಾರ್ಮೆನ್ಸ್' ಪುಟದಲ್ಲಿ ಸಿಪಿಯು ಆರಿಸಿ, ಕೆಳಗೆ 'ಅಪ್ ಟೈಮ್' ನೋಡಿ. ಅಕ್ಕನದು ಹತ್ತೊಂಬತ್ತು ದಿನ ತೋರಿಸುತ್ತಿತ್ತು. "ದಿನಾ ರಾತ್ರಿ ಶಟ್‌ಡೌನ್ ಮಾಡ್ತೀನಲ್ಲೋ" ಅಂದಳು. ಸುಳ್ಳಲ್ಲ. ವಿಂಡೋಸಿನಲ್ಲಿ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಸಿಸ್ಟಮ್‌ನ ಒಳಭಾಗವನ್ನು ಡಿಸ್ಕ್‌ಗೆ ಉಳಿಸಿ, ಬೆಳಗ್ಗೆ ಅದನ್ನೇ ಎಬ್ಬಿಸುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕು ಅಂದರೆ 'ರೀಸ್ಟಾರ್ಟ್' ಒತ್ತಬೇಕು. ವಾರಕ್ಕೊಮ್ಮೆಯಾದರೂ ಒತ್ತಿ.

ಬಿಸಿಯನ್ನು ಮರೆಯಬೇಡಿ. ಪ್ರೊಸೆಸರ್ ಜಾಸ್ತಿ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಒದ್ದಾಡುತ್ತದೆ ಅಂದರೆ ಇದನ್ನೇ ಮೊದಲು ಅನುಮಾನಿಸಿ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಿಂಬು, ಹಾಸಿಗೆ ಮೇಲೆ ಇಟ್ಟರೆ ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಒಂದು ಅಗಲವಾದ ತಟ್ಟೆ ಅಥವಾ ಮಣೆ ಮೇಲಿಟ್ಟರೂ ಸಾಕು. ಫ್ಯಾನ್ ಕೂಗಾಡುತ್ತಿದ್ದರೂ ಗಾಳಿ ಬರುತ್ತಿಲ್ಲ ಅಂದರೆ ಒಳಗೆ ದೂಳು ಕಟ್ಟಿದೆ, ಬಿಚ್ಚಿ ಶುಚಿ ಮಾಡಿಸಿ.

ಸಿ ಡ್ರೈವ್ ಕೆಂಪಗಾಗಿದ್ದರೆ ಡೌನ್‌ಲೋಡ್ಸ್ ಫೋಲ್ಡರಿನಿಂದ ಖಾಲಿ ಮಾಡಲು ಶುರು ಮಾಡಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ಕಳಿಸಿ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಬೇರೆಲ್ಲ ಪಕ್ಕಕ್ಕಿಟ್ಟು ಮೊದಲು ಫೋಟೋ, ಫೈಲು ಕಾಪಿ ಮಾಡಿಕೊಳ್ಳಿ.

ದುಡ್ಡು ಹಾಕುವುದಾದರೆ ಎಲ್ಲಿ ಹಾಕಬೇಕು? ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ಆದರೆ ಕಣ್ಣುಮುಚ್ಚಿ ಎಸ್‌ಎಸ್‌ಡಿಗೆ. ಆಮೇಲೆ ರ‍್ಯಾಮ್ 4ರಿಂದ 8 ಜಿಬಿಗೆ. ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ನೋಡಿ. ಎರಡರಲ್ಲಿ ಒಂದು ಅಂತ ಇದ್ದರೆ ಜಾಗ ಇದೆ. ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಬದಲಿಸಲು ಆಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರು ಮಾಡೆಲ್ ನಂಬರ್ ಬರೆದುಕೊಂಡೇ ಹೋಗಿ. ಅಲ್ಲಿ ನಾಲ್ಕು ಅಂಗಡಿ ಕೇಳಿ ಕೊಳ್ಳುವುದು ರೂಢಿ.

ರಿಪೇರಿಗೆ ಕೊಡುವಾಗ 'ಹ್ಯಾಂಗ್ ಆಗುತ್ತೆ' ಅಂತ ಅಷ್ಟೇ ಹೇಳಿದರೆ ಅವರು ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟುಬಿಡುತ್ತಾರೆ. ಹ್ಯಾಂಗ್ ಆದಾಗ ಟಾಸ್ಕ್ ಮ್ಯಾನೇಜರ್ ಪರದೆಯನ್ನು ಮೊಬೈಲ್‌ನಲ್ಲಿ ತೆಗೆದ ಫೋಟೋ ತೋರಿಸಿ. ಯಾವ ಕೆಲಸ ಮಾಡುವಾಗ, ಆನ್ ಮಾಡಿದ ಎಷ್ಟು ಹೊತ್ತಿಗೆ ಆಗುತ್ತದೆ ಅಂತ ಹೇಳಿ. ಬೇಕಾದ ಫೈಲುಗಳ ಕಾಪಿ ಮನೆಯಲ್ಲಿರಲಿ, ಬ್ರೌಸರಿನ ಎಲ್ಲ ಅಕೌಂಟುಗಳಿಂದ ಲಾಗೌಟ್ ಆಗಿ. ಸೇವ್ ಆಗಿರುವ ಪಾಸ್‌ವರ್ಡ್‌ಗಳಿದ್ದರೆ ಆ ಪ್ರೊಫೈಲನ್ನೇ ಲ್ಯಾಪ್‌ಟಾಪಿನಿಂದ ತೆಗೆದು ಕೊಡುವುದು ಇನ್ನೂ ಒಳ್ಳೆಯದು. ಸಿಂಕ್ ಆಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ.